ಬೆಡ್ ಸ್ಪೇಸೋ, ತಿಂಗಳ ಮನೆಯೋ, ವರ್ಷದ ಕರಾರೋ: ದುಬೈ, ಶಾರ್ಜಾಕ್ಕೆ ಹೊರಟ ಕಾಸರಗೋಡಿನವರಿಗೆ

60 ದಿನದ ವಿಸಿಟ್ ವಿಸಾದಲ್ಲಿ ಇಳಿದವನು ವರ್ಷದ ಕರಾರಿನ ಫ್ಲಾಟ್ ಹುಡುಕುತ್ತಾ ಮೂರು ವಾರ ಕಳೆಯುತ್ತಾನೆ. ಎರಡು ವರ್ಷದ ಕೆಲಸದ ವಿಸಾ ಕೈಗೆ ಬಂದವನು, ಹೆಂಡತಿ ಮಕ್ಕಳನ್ನು ಕರೆಸಬೇಕೆಂದು ಇದ್ದರೂ, ಆರು ತಿಂಗಳು ಬೆಡ್ ಸ್ಪೇಸಿನಲ್ಲೇ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲೇ ಕೂರುತ್ತಾನೆ. ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯಿಂದ ದುಬೈಗೆ ಹೋಗುವವರಲ್ಲಿ ಈ ಎರಡೂ ತಪ್ಪು ಸಾಮಾನ್ಯ. ಮೊದಲನೆಯವನಿಗೆ ಆ ಮನೆ ಸಿಗುವುದೇ ಇಲ್ಲ. ಎರಡನೆಯವನಿಗೆ ಮಲಗಲು ಜಾಗ ಉಂಟು, ಕಾಗದ ಇಲ್ಲ. ಕಾಗದ ಇಲ್ಲದೆ ಫ್ಯಾಮಿಲಿ ವಿಸಾದ ಅರ್ಜಿ ಮುಂದೆ ಹೋಗುವುದಿಲ್ಲ.

ಹಾಗಾಗಿ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಎರಡು ಸಂಗತಿ ತೂಗಿ ನೋಡಬೇಕು. ವಿಸಾದಲ್ಲಿ ಎಷ್ಟು ದಿನ ಉಳಿದಿದೆ? ಆ ಮನೆಯಿಂದ ನಿಮ್ಮ ಹೆಸರಿಗೆ ಯಾವ ಕಾಗದ ಸಿಗುತ್ತದೆ? ಈ ಎರಡಕ್ಕೆ ಉತ್ತರ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ. ಇಲ್ಲಿ ಕೊಟ್ಟಿರುವುದು ದುಬೈ ಮತ್ತು ಶಾರ್ಜಾದ ಲೆಕ್ಕ ಮಾತ್ರ. ಮಸ್ಕತ್, ದೋಹಾ, ಕುವೈತ್‌ಗಳ ಕಾನೂನು ಬೇರೆ, ಅದನ್ನು ಇದಕ್ಕೆ ಬೆರೆಸಬಾರದು.

ದಿನದ ಲೆಕ್ಕ

ವಿಸಿಟ್ ಅಥವಾ ಟೂರಿಸ್ಟ್ ವಿಸಾ ಸಾಮಾನ್ಯವಾಗಿ 30 ದಿನದ್ದು ಇಲ್ಲವೇ 60 ದಿನದ್ದು. ವಿಸಾ ಕೊಟ್ಟ ತಾರೀಕಿನಿಂದ 60 ದಿನದೊಳಗೆ ದೇಶದೊಳಗೆ ಕಾಲಿಡಬೇಕು. ಉಳಿಯುವ ದಿನದ ಎಣಿಕೆ ಇಳಿದ ಮೇಲೆ ಶುರು. ಇಳಿದ ದಿನವನ್ನೇ ಒಂದನೆಯ ದಿನ ಎಂದು ಹಿಡಿಯುವುದು ಕ್ಷೇಮ. ಮಂಗಳೂರಿನ ವಿಮಾನ ತಡವಾಗಿ ರಾತ್ರಿ 11.40ಕ್ಕೆ ಇಮಿಗ್ರೇಷನ್ ದಾಟಿದರೂ ಆ ದಿನ ಲೆಕ್ಕಕ್ಕೆ ಹೋಯಿತು ಎಂದೇ ತಿಳಿಯಿರಿ. ಅಲ್ಲೇ ಇದ್ದುಕೊಂಡು ಶುಲ್ಕ ಕಟ್ಟಿ 30 ದಿನ ವಿಸ್ತರಿಸಿಕೊಳ್ಳಬಹುದು, ಆದರೆ ದಿನ ಮುಗಿಯುವ ಮೊದಲೇ ಅರ್ಜಿ ಹಾಕಬೇಕು.

ಅವಧಿ ಮೀರಿದರೆ ತಲೆಗೆ ದಿನಕ್ಕೆ 50 ದಿರ್ಹಂ ದಂಡ. ನಾಲ್ಕು ಮಂದಿಯ ಸಂಸಾರ ಹತ್ತು ದಿನ ಹೆಚ್ಚು ಕುಳಿತರೆ 2,000 ದಿರ್ಹಂ, ಅದರ ಮೇಲೆ ಹೊರಹೋಗುವ ಪರವಾನಗಿಯ ಖರ್ಚು. ಹಿಂದೆ ವಿಸಿಟ್ ವಿಸಾ ಮುಗಿದ ಮೇಲೂ 10 ದಿನ ರಿಯಾಯಿತಿ ಇತ್ತು. ದುಬೈ ವಿಸಾಗಳಿಗೆ 2023ರಲ್ಲಿ ಅದನ್ನು ತೆಗೆದರು. "ಹತ್ತು ದಿನ ನಡೆಯುತ್ತದೆ ಮಾರಾಯ" ಎನ್ನುವವರು ಊರಿನಲ್ಲಿ ಇನ್ನೂ ಇದ್ದಾರೆ; ಅವರು ಕೊನೆಯ ಸಲ ಹೋಗಿ ಬಂದದ್ದು ಯಾವ ವರ್ಷ ಎಂದು ಒಮ್ಮೆ ಕೇಳಿ.

ಕೆಲಸ ಹುಡುಕಲೆಂದೇ 60, 90, 120 ದಿನದ ಬೇರೆ ವಿಸಾ 2022ರಿಂದ ಇದೆ, ಅದಕ್ಕೆ ಕನಿಷ್ಠ ಪದವಿ ಬೇಕು. ವಿಸಿಟ್ ವಿಸಾದಲ್ಲಿ ಹೋಗಿ ಸಂದರ್ಶನಕ್ಕೆ ಕುಳಿತು ಬರುವವರು ಸಾವಿರಾರು. ಆದರೆ ಅದೇ ವಿಸಾದಲ್ಲಿ ಕೆಲಸಕ್ಕೆ ನಿಂತರೆ ಅಪರಾಧ. ಪರ್ಮಿಟ್ ಇಲ್ಲದೆ ದುಡಿಸಿದ ಮಾಲಕನಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ. ಆದ್ದರಿಂದ "ಮೊದಲು ಅಂಗಡಿಯಲ್ಲಿ ನಿಲ್ಲು, ವಿಸಾ ಆಮೇಲೆ ನೋಡುವ" ಎಂಬ ಮಾತು ಈಗ ಹೇಳುವವನಿಗೂ ಅಪಾಯ, ಕೇಳುವವನಿಗೂ ಅಪಾಯ.

ಕೆಲಸದ ರೆಸಿಡೆನ್ಸ್ ವಿಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಅದರಲ್ಲಿ ಜನ ಮರೆಯುವ ಒಂದು ಮಿತಿ ಉಂಟು: ಒಂದೇ ಸಮನೆ 180 ದಿನಕ್ಕಿಂತ ಹೆಚ್ಚು ದೇಶದ ಹೊರಗೆ ಇದ್ದರೆ ವಿಸಾ ಬಿದ್ದುಹೋಗುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆಂದು ತವರಿಗೆ ಬಂದ ಹೆಂಡತಿ ಮಗುವಿಗೆ ನಾಲ್ಕು ತಿಂಗಳು ತುಂಬುವವರೆಗೆ ನಿಂತರೆ ಆ ಗಡಿ ಸದ್ದಿಲ್ಲದೆ ದಾಟಿರುತ್ತದೆ. ಸಕಾರಣ ತೋರಿಸಿ, 30 ದಿನಕ್ಕೆ 100 ದಿರ್ಹಂ ಲೆಕ್ಕದಲ್ಲಿ ದಂಡ ಕಟ್ಟಿ ಮರುಪ್ರವೇಶದ ಅನುಮತಿ ಕೇಳುವ ದಾರಿ ಇದೆ. ಆದರೂ ಅವಳ ಟಿಕೆಟಿನ ಜೊತೆ ಈ ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವುದು ಸುಲಭ.

ಬೆಡ್ ಸ್ಪೇಸ್ ಮತ್ತು ಪಾರ್ಟಿಶನ್

ಒಂದು ಕೋಣೆಯಲ್ಲಿ ನಾಲ್ಕೋ ಆರೋ ಮಂಚ, ಒಂದು ಮಂಚ ನಿಮ್ಮದು: ಅದು ಬೆಡ್ ಸ್ಪೇಸ್. ಹಾಲ್‌ಗೆ ಜಿಪ್ಸಮ್ ಹಲಗೆಯ ಅಡ್ಡಗೋಡೆ ಕಟ್ಟಿ ಮಾಡಿದ ಗೂಡು ಪಾರ್ಟಿಶನ್. ದೇರಾ, ಬರ್‌ದುಬೈ, ಸತ್ವಾ ಕಡೆ ಇದು ಹೇರಳ. ಕರೆಂಟು, ನೀರು, ವೈಫೈ ಸೇರಿಸಿ ತಿಂಗಳಿಗೆ ಇಷ್ಟು ಎನ್ನುತ್ತಾರೆ; ಒಂದು ತಿಂಗಳ ಬಾಡಿಗೆ ಮತ್ತು ಸಣ್ಣ ಮುಂಗಡ ಕೊಟ್ಟರೆ ಅದೇ ಸಂಜೆ ಬ್ಯಾಗ್ ಇಡಬಹುದು. ಚೆಕ್ ಬೇಡ, ಬ್ರೋಕರ್ ಬೇಡ. ವಿಸಿಟ್ ವಿಸಾದವನಿಗೆ, ಕೆಲಸಕ್ಕೆ ಸೇರಿ ಎಮಿರೇಟ್ಸ್ ಐಡಿಗಾಗಿ, ಅಂದರೆ ಅಲ್ಲಿನ ನಿವಾಸಿ ಗುರುತಿನ ಚೀಟಿಗಾಗಿ ಕಾಯುವವನಿಗೆ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ.

ತೊಂದರೆ ಇರುವುದು ಕಾನೂನಿನಲ್ಲಿ. ದುಬೈಯ 2007ರ 26ನೇ ಬಾಡಿಗೆ ಕಾನೂನಿನಂತೆ ಮನೆ ಮಾಲಕನ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟರೆ ಬಾಡಿಗೆದಾರನನ್ನೂ ಅವನಿಂದ ಪಡೆದವನನ್ನೂ ಹೊರಗೆ ಹಾಕಬಹುದು. ಅನುಮತಿ ಇಲ್ಲದ ಪಾರ್ಟಿಶನ್‌ಗಳ ಮೇಲೆ ಮುನಿಸಿಪಾಲಿಟಿ ಆಗಾಗ ದಾಳಿ ಮಾಡುತ್ತದೆ. 2025ರ ಜೂನ್‌ನಲ್ಲಿ ರಿಗ್ಗಾ, ಮುರಕ್ಕಬಾತ್, ಬರ್ಶಾ, ಸತ್ವಾ, ರಫಾ ಪ್ರದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲೇ ತೆರವು ನಡೆಯಿತು. ಅಂಥ ದಿನ ಗೋಡೆ ಬಿದ್ದರೆ ನಿಮ್ಮ ಮುಂಗಡ ಕೇಳಲು ಯಾವ ಕಚೇರಿಯೂ ಇಲ್ಲ, ಏಕೆಂದರೆ ನೀವು ಅಲ್ಲಿದ್ದಿರಿ ಎಂಬುದಕ್ಕೆ ರಸೀದಿಯೇ ಇರುವುದಿಲ್ಲ.

ಹೋಗಲೇಬೇಕಾದರೆ ನೋಡಬೇಕಾದ್ದು ಇಷ್ಟು. ಕರಾರು ಯಾರ ಹೆಸರಿನಲ್ಲಿದೆ, ಆತ ಅಲ್ಲೇ ವಾಸವಿದ್ದಾನೋ ಅಥವಾ ಹತ್ತು ಫ್ಲಾಟ್ ಹಿಡಿದು ವ್ಯಾಪಾರ ಮಾಡುವವನೋ? ಕೆಳಗೆ ಕೂತ ನಾತೂರ್, ಅಂದರೆ ಕಟ್ಟಡದ ವಾಚ್‌ಮನ್, ನಿಜ ಹೇಳುತ್ತಾನೆ; ಒಂದು ಚಹಾದ ಹೊತ್ತು ಅವನ ಜೊತೆ ನಿಲ್ಲಿ. ಹೊರಹೋಗುವ ಬಾಗಿಲಿಗೆ ಮಂಚ ಅಡ್ಡ ಇಟ್ಟಿದ್ದರೆ ಆ ಕೋಣೆ ಬೇಡ. ಮಂಚದ ಹಲಗೆಯ ಸಂದಿಗೆ ಮೊಬೈಲಿನ ಬೆಳಕು ಬಿಟ್ಟು ನೋಡಿ: ಮೆಣಸಿನ ಕಾಳಿನ ಪುಡಿಯಂಥ ಕಪ್ಪು ಚುಕ್ಕೆಗಳು ಕಂಡರೆ ತಿಗಣೆ ಇದೆ. ಬಾಡಿಗೆಯನ್ನು ಬ್ಯಾಂಕ್ ಮೂಲಕ ಕೊಡಿ, ಆಗದಿದ್ದರೆ ಕೊಟ್ಟ ಕೂಡಲೇ "ಈ ತಿಂಗಳದ್ದು ಕೊಟ್ಟಿದ್ದೇನೆ" ಎಂದು ವಾಟ್ಸಾಪ್ ಹಾಕಿ ಅವನಿಂದ "ಓಕೆ" ಬರೆಸಿಕೊಳ್ಳಿ.

ಕಂಪನಿಯೇ ರೂಮು ಕೊಟ್ಟರೆ ಬಾಡಿಗೆಯ ಚಿಂತೆ ಇಲ್ಲ. ಕೆಲಸ ಬಿಟ್ಟ ದಿನವೇ ಮನೆಯೂ ಹೋಗುತ್ತದೆ ಎಂಬುದು ನೆನಪಿರಲಿ.

ತಿಂಗಳ ಮನೆ

ಹಾಲಿಡೇ ಹೋಮ್ ಎಂದು ಹೆಸರು. ರಜೆಗೆ ಬರುವವರಿಗೆ ಮಾತ್ರ ಎಂದುಕೊಂಡು ನಮ್ಮವರು ಇದನ್ನು ಕೇಳುವುದೇ ಇಲ್ಲ. ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇರುವ, ಮಂಚ, ಫ್ರಿಡ್ಜ್, ವಾಷಿಂಗ್ ಮೆಷಿನ್, ಪಾತ್ರೆ ಎಲ್ಲ ಇರುವ ಫ್ಲಾಟನ್ನು ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಕೊಡುತ್ತಾರೆ. ಪಾಸ್‌ಪೋರ್ಟ್ ಮತ್ತು ವಿಸಾದ ಪ್ರತಿ ಸಾಕು. ಎಮಿರೇಟ್ಸ್ ಐಡಿ ಬೇಡ, ಚೆಕ್ ಪುಸ್ತಕ ಬೇಡ. ಬಾಡಿಗೆಯ ಮೇಲೆ ಟೂರಿಸಂ ದಿರ್ಹಂ ಎಂದು ಒಂದು ಬೆಡ್‌ರೂಮಿಗೆ ರಾತ್ರಿಗೆ 10ರಿಂದ 15 ದಿರ್ಹಂ ಸೇರುತ್ತದೆ; ಕೆಲವರು ಜಾಹೀರಾತಿನಲ್ಲಿ ಇದನ್ನು ಸೇರಿಸದೆ ದರ ಹಾಕುತ್ತಾರೆ, ಮನೆ ಬಿಟ್ಟು ಬರುವಾಗ ಶುಚಿ ಮಾಡಿದ ಖರ್ಚೆಂದು ಇನ್ನೊಂದಿಷ್ಟು ಹಿಡಿಯುತ್ತಾರೆ. "ಎಲ್ಲ ಸೇರಿ 30 ರಾತ್ರಿಗೆ ಎಷ್ಟು" ಎಂದು ಬರಹದಲ್ಲಿ ಕೇಳಿ.

ಇದರ ದೊಡ್ಡ ಗುಣ ಋತು. ಮೇಯಿಂದ ಸೆಪ್ಟೆಂಬರ್‌ವರೆಗೆ ಸೆಖೆಗೆ ಪ್ರವಾಸಿಗರು ಕಡಿಮೆ, ಆಗ ದರ ಚೆನ್ನಾಗಿ ಇಳಿಯುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಏರುತ್ತದೆ. ಕೊರತೆ ಏನೆಂದರೆ ಇದರಿಂದ ಇಜಾರಿ ಸಿಗುವುದಿಲ್ಲ.

ಇಜಾರಿ ಎಂಬ ಕಾಗದ

ದುಬೈಯಲ್ಲಿ ಬಾಡಿಗೆ ಕರಾರನ್ನು ಭೂ ಇಲಾಖೆಯಲ್ಲಿ ದಾಖಲಿಸಿ ಪಡೆಯುವ ಪ್ರಮಾಣಪತ್ರವೇ ಇಜಾರಿ. ಅರಬಿಯಲ್ಲಿ "ನನ್ನ ಬಾಡಿಗೆ" ಎಂದು ಅರ್ಥ. ನಮ್ಮ ಹಳೆಯ ಕಂದಾಯ ಕಾಗದಗಳ ಇಜಾರೆ, ಇಜಾರದಾರ ಕೂಡ ಅದೇ ಬೇರಿನವು. ಹೆಂಡತಿಯ ವಿಸಾ, ಕರೆಂಟು ನೀರಿನ ಸಂಪರ್ಕ, ಬಾಡಿಗೆ ತಗಾದೆಯ ದೂರು, ಊರಿನಿಂದ ಬರುವವರ ವಿಸಿಟ್ ವಿಸಾ ಅರ್ಜಿಗೆ ವಿಳಾಸದ ದಾಖಲೆ ಎಲ್ಲಕ್ಕೂ ಇದೇ ಬುಡ.

ವರ್ಷದ ಕರಾರಿಗೆ ರೆಸಿಡೆನ್ಸ್ ವಿಸಾ, ಎಮಿರೇಟ್ಸ್ ಐಡಿ, ಬ್ಯಾಂಕ್ ಖಾತೆ, ಚೆಕ್ ಪುಸ್ತಕ ಈ ನಾಲ್ಕು ಬೇಕು, ಸಿಗುವುದೂ ಇದೇ ಕ್ರಮದಲ್ಲಿ. ವರ್ಷದ ಬಾಡಿಗೆಯನ್ನು ಮುಂದಿನ ತಾರೀಕು ಹಾಕಿದ 1, 2, 4, 6 ಅಥವಾ 12 ಚೆಕ್ಕುಗಳಾಗಿ ಮೊದಲೇ ಕೊಟ್ಟುಬಿಡುವುದು ಅಲ್ಲಿನ ರೂಢಿ. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಶಿಗೆ ಜಾಗ ಜಾಸ್ತಿ. ಹೊಸ ಗಿರಾಕಿಗೆ ಬ್ಯಾಂಕ್ ಮೊದಲ ಆರು ತಿಂಗಳು ಸಾಮಾನ್ಯವಾಗಿ ಹತ್ತು ಹಾಳೆಯ ಪುಸ್ತಕಕ್ಕಿಂತ ದೊಡ್ಡದು ಕೊಡುವುದಿಲ್ಲ. ಹಾಗಾಗಿ 12 ಚೆಕ್ಕಿನ ಮನೆ ಎಂದು ಖುಷಿಪಟ್ಟವನು ಸಹಿ ಹಾಕುವ ಮೇಜಿನ ಮುಂದೆ ಎರಡು ಹಾಳೆ ಕಡಿಮೆ ಬಿದ್ದು ಬೆವರುವುದುಂಟು. ನಾಲ್ಕೋ ಆರೋ ಚೆಕ್ಕಿಗೆ ಮಾತಾಡಿಕೊಳ್ಳಿ.

ಮೊದಲ ದಿನ ಕೈಯಿಂದ ಎಷ್ಟು ಹೋಗುತ್ತದೆ? ವರ್ಷಕ್ಕೆ 60,000 ದಿರ್ಹಂ ಬಾಡಿಗೆ, ನಾಲ್ಕು ಚೆಕ್ಕು ಎಂದು ಇಟ್ಟುಕೊಳ್ಳುವ. ಮೊದಲ ಚೆಕ್ಕು 15,000. ಮುಂಗಡ, ಖಾಲಿ ಮನೆಗೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇ. 5, ಅಂದರೆ 3,000. ಸಾಮಾನು ಸಮೇತ ಆದರೆ ಶೇ. 10. ಬ್ರೋಕರ್ ಕಮಿಷನ್ ಶೇ. 5 ಮತ್ತು ಅದರ ಮೇಲೆ ಶೇ. 5 ವ್ಯಾಟ್ ಸೇರಿ 3,150. ಇಜಾರಿಗೆ ಟೈಪಿಂಗ್ ಸೆಂಟರಿನಲ್ಲಿ, ಅಂದರೆ ಸರಕಾರಿ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ, ಸುಮಾರು 220. ಕರೆಂಟು ನೀರಿಗೆ ಫ್ಲಾಟಿನ ಮುಂಗಡ 2,000, ಸಂಪರ್ಕದ ಖರ್ಚು 130ರ ಆಸುಪಾಸು. ಒಟ್ಟು 23,500 ದಿರ್ಹಂ. ದಿರ್ಹಂಗೆ 24 ರೂಪಾಯಿ ಹಿಡಿದರೆ 5 ಲಕ್ಷ 64 ಸಾವಿರ, ಇನ್ನೂ ಒಂದು ಚಾಪೆ ಕೂಡ ಕೊಂಡಿಲ್ಲ. "ತಿಂಗಳಿಗೆ ಐದು ಸಾವಿರವಲ್ಲವೇ" ಎಂದು ಊರಿನ ಲೆಕ್ಕ ಹಾಕಿ ಹೊರಟವರು ಎಡವುವುದು ಇಲ್ಲಿ.

ಕರೆಂಟು ನೀರಿನ ಸಂಸ್ಥೆಯನ್ನು ದುಬೈಯಲ್ಲಿ ದೇವಾ ಎನ್ನುತ್ತಾರೆ, ಶಾರ್ಜಾದಲ್ಲಿ ಸೇವಾ. ಹೆಸರು ಕೇಳಿ ಮೋಸ ಹೋಗಬೇಡಿ, ದುಬೈಯ ದೇವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಎಂಬ ಸಾಲೊಂದು ಇರುತ್ತದೆ: ವರ್ಷದ ಬಾಡಿಗೆಯ ಶೇ. 5ನ್ನು ಹನ್ನೆರಡು ಪಾಲು ಮಾಡಿ ತಿಂಗಳು ತಿಂಗಳು ಸೇರಿಸುತ್ತಾರೆ. 60,000ದ ಮನೆಗೆ ತಿಂಗಳಿಗೆ 250. ಎಸಿ ಕಟ್ಟಡದ್ದೇ ಆಗಿದ್ದು ಅದರ ಖರ್ಚು ಮಾಲಕನದಾದರೆ "ಚಿಲ್ಲರ್ ಫ್ರೀ" ಎನ್ನುತ್ತಾರೆ. ಹಾಗಲ್ಲದಿದ್ದರೆ ಎಸಿಗೆ ತಂಪು ನೀರು ಕೊಡುವ ಕಂಪನಿಗೆ ಬೇರೆ ಮುಂಗಡ, ಬೇರೆ ಬಿಲ್ಲು. ಜುಲೈಯಲ್ಲಿ ಆ ಬಿಲ್ಲು ನೋಡಿದ ಮೇಲೆ ಚಿಲ್ಲರ್ ಫ್ರೀ ಮನೆಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂದು ಅನಿಸುತ್ತದೆ. ನಮ್ಮ ಸಲಹೆ ಸ್ಪಷ್ಟ: ಎರಡು ಮನೆ ಸರಿಸಮ ಇದ್ದರೆ ಚಿಲ್ಲರ್ ಫ್ರೀ ಹಿಡಿಯಿರಿ.

ಸಹಿಗೆ ಮೊದಲು ಮಾಲಕತ್ವದ ಪತ್ರ ಕೇಳಿ ನೋಡಿ. ಅದರಲ್ಲಿರುವ ಹೆಸರು, ಕರಾರಿನಲ್ಲಿರುವ ಮಾಲಕನ ಹೆಸರು, ಚೆಕ್ಕು ಬರೆಯುವ ಹೆಸರು ಮೂರೂ ಒಂದೇ ಇರಬೇಕು. ಮಾಲಕನ ಪರವಾಗಿ ಬೇರೆಯವನು ಸಹಿ ಮಾಡುತ್ತಿದ್ದರೆ ಮುಖ್ತಿಯಾರು ಪತ್ರ ತೋರಿಸಬೇಕು. ಬ್ರೋಕರನ ಬಳಿ ಸರಕಾರದ ಕಾರ್ಡು ಇರುತ್ತದೆ, ಜಾಹೀರಾತಿಗೆ ಪರವಾನಗಿ ಸಂಖ್ಯೆ ಇರುತ್ತದೆ. ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. "ಇನ್ನೊಬ್ಬ ನೋಡಿ ಹೋಗಿದ್ದಾನೆ, ಈಗಲೇ ನಗದು ಕೊಟ್ಟು ಹಿಡಿದಿಟ್ಟುಕೊಳ್ಳಿ" ಎಂದರೆ ಎದ್ದು ಬನ್ನಿ.

ಕರಾರಿಗೆ ಒಂದು ಸಾಲು ಸೇರಿಸಲು ಹಟ ಹಿಡಿಯಿರಿ: ಕೆಲಸ ಹೋದರೆ ಅಥವಾ ವರ್ಗವಾದರೆ ಎರಡು ತಿಂಗಳ ನೋಟಿಸು ಕೊಟ್ಟು, ಇಂತಿಷ್ಟು ಬಾಡಿಗೆ ತೆತ್ತು ಬಿಡಬಹುದು ಎಂದು. ದುಬೈ ಕಾನೂನಿನಲ್ಲಿ ಬಾಡಿಗೆದಾರನಿಗೆ ಅವಧಿಗೆ ಮೊದಲು ಬಿಡುವ ಹಕ್ಕು ತಾನಾಗಿ ಇಲ್ಲ. ಬರೆದಿದ್ದರೆ ಉಂಟು, ಇಲ್ಲದಿದ್ದರೆ ಮಾಲಕನ ದಯೆ. ಚೆಕ್ಕು ಬೌನ್ಸ್ ಆದರೆ ಸೀದಾ ಜೈಲು ಎಂಬುದು 2022ರ ಜನವರಿಯಿಂದ ಬದಲಾಗಿದೆ, ಖಾತೆಯಲ್ಲಿ ಹಣ ಸಾಲದ್ದು ಈಗ ಸಾಮಾನ್ಯವಾಗಿ ಸಿವಿಲ್ ವಿಷಯ. ಆದರೆ ಮಾಲಕ ನೇರ ವಸೂಲಿ ಆದೇಶಕ್ಕೆ ಹೋಗಬಹುದು, ಪ್ರಯಾಣಕ್ಕೆ ತಡೆ ತರಬಹುದು. ವಿಮಾನ ನಿಲ್ದಾಣದಲ್ಲಿ ನಿಂತು ಅದನ್ನು ತಿಳಿಯುವುದು ಬೇಡ.

ಇಷ್ಟೆಲ್ಲ ತಾಪತ್ರಯಕ್ಕೆ ಬದಲಾಗಿ ಸಿಗುವುದು ಭದ್ರತೆ. ಬಾಡಿಗೆ ಏರಿಸಬೇಕಾದರೆ ಕರಾರು ಮುಗಿಯುವ 90 ದಿನ ಮೊದಲು ತಿಳಿಸಬೇಕು. ಎಷ್ಟು ಏರಿಸಬಹುದು ಎಂಬುದಕ್ಕೂ 2013ರ 43ನೇ ಆದೇಶದ ಮಿತಿ ಇದೆ: ನಿಮ್ಮ ಬಾಡಿಗೆ ಅಲ್ಲಿನ ಸರಾಸರಿಗಿಂತ ಶೇ. 10ರವರೆಗೆ ಕಡಿಮೆ ಇದ್ದರೆ ಏರಿಕೆಯೇ ಇಲ್ಲ, ಶೇ. 11ರಿಂದ 20 ಕಡಿಮೆ ಇದ್ದರೆ ಶೇ. 5, ಹೀಗೆ ಹೆಚ್ಚೆಂದರೆ ಶೇ. 20. ಮಾರಲಿಕ್ಕೆ, ತನ್ನ ವಾಸಕ್ಕೆ ಎಂದು ಬಿಡಿಸಬೇಕಾದರೆ ನೋಟರಿ ಮೂಲಕವೋ ರಿಜಿಸ್ಟರ್ಡ್ ಅಂಚೆಯಲ್ಲೋ 12 ತಿಂಗಳ ನೋಟಿಸು ಕೊಡಬೇಕು; ವಾಟ್ಸಾಪ್ ಸಂದೇಶ ನೋಟಿಸಲ್ಲ. ತಗಾದೆ ಬಂದರೆ ಬಾಡಿಗೆ ವ್ಯಾಜ್ಯ ಕೇಂದ್ರ ಉಂಟು, ಶುಲ್ಕ ವರ್ಷದ ಬಾಡಿಗೆಯ ಶೇ. 3.5, ಕನಿಷ್ಠ 500 ದಿರ್ಹಂ.

ಎಷ್ಟು ತಿಂಗಳಿಗೆ ಯಾವುದು ಲಾಭ

ಅದೇ 60,000ದ ಮನೆಯನ್ನು ಸಾಮಾನು ಸಮೇತದ ತಿಂಗಳ ಮನೆಯ ಎದುರು ಇಟ್ಟು ನೋಡಿ. ತಿಂಗಳ ಮನೆ ಎಲ್ಲ ಸೇರಿ 7,000 ಎಂದುಕೊಳ್ಳಿ. ವರ್ಷದ ಮನೆಗೆ ತಿಂಗಳಿಗೆ ಬಾಡಿಗೆ 5,000, ಹೌಸಿಂಗ್ ಫೀ 250, ಕರೆಂಟು ನೀರು ಇಂಟರ್ನೆಟ್ 700: ಒಟ್ಟು 5,950. ತಿಂಗಳಿಗೆ 1,050 ಉಳಿತಾಯ ಕಾಣುತ್ತದೆ. ಆದರೆ ಮರಳಿ ಬಾರದ ಖರ್ಚು, ಅಂದರೆ ಕಮಿಷನ್, ಇಜಾರಿ, ಸಂಪರ್ಕ ಸೇರಿ 3,500; ಸೆಕೆಂಡ್‌ಹ್ಯಾಂಡ್ ಆದರೂ ಮಂಚ, ಫ್ರಿಡ್ಜ್, ವಾಷಿಂಗ್ ಮೆಷಿನ್, ಒಲೆ ಸೇರಿ 6,000 ಹಿಡಿಯಿರಿ. 9,500ನ್ನು 1,050ರಿಂದ ಭಾಗಿಸಿದರೆ ಒಂಬತ್ತು ತಿಂಗಳು. ನಡುವೆ ಬಿಟ್ಟರೆ ಎರಡು ತಿಂಗಳ ದಂಡ ಬೇರೆ. ಅಂದರೆ ವರ್ಷ ಪೂರ್ತಿ ನಿಲ್ಲುವುದು ಖಚಿತವಿಲ್ಲದವನಿಗೆ ತಿಂಗಳ ಮನೆಯೇ ಅಗ್ಗ, ನೋಡಲು ದುಬಾರಿ ಕಂಡರೂ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಪ್ರೊಬೇಷನ್ ಇರುವವರು ಇದನ್ನು ಎರಡು ಸಲ ಓದಲಿ. ನಿಮ್ಮ ಅಂಕಿಗಳು ಬೇರೆ ಇರಬಹುದು. ಲೆಕ್ಕದ ದಾರಿ ಇದೇ.

ಶಾರ್ಜಾ

ಅದೇ ಹಣಕ್ಕೆ ಒಂದು ಕೋಣೆ ಹೆಚ್ಚು ಸಿಗುತ್ತದೆ, ಅದಕ್ಕೇ ಸಂಸಾರಸ್ಥರು ಶಾರ್ಜಾ ಹಿಡಿಯುತ್ತಾರೆ. ಅಲ್ಲಿ ಇಜಾರಿ ಇಲ್ಲ, ಕರಾರಿಗೆ ಮುನಿಸಿಪಾಲಿಟಿಯ ಮುದ್ರೆ. 2024ರ 5ನೇ ಕಾನೂನಿನಂತೆ ಮಾಲಕ 15 ದಿನದೊಳಗೆ ಕರಾರನ್ನು ಅಲ್ಲಿ ದೃಢೀಕರಿಸಬೇಕು, ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಈ ಒಂದು ವಿಷಯದಲ್ಲಿ ಶಾರ್ಜಾ ದುಬೈಗಿಂತ ಮೇಲು. ದೃಢೀಕರಣದ ಶುಲ್ಕ ಬಾಡಿಗೆಯ ಶೇಕಡಾ ಲೆಕ್ಕದಲ್ಲಿ ಬರುವುದರಿಂದ ಅದನ್ನು ಯಾರು ಕೊಡುವುದೆಂದು ಮೊದಲೇ ಮಾತಾಡಿ.

ಎರಡು ತೊಡಕು. ದುಬೈಯಲ್ಲಿ ಕೆಲಸವಾದರೆ ಇತ್ತಿಹಾದ್ ರಸ್ತೆಯ ಬೆಳಗಿನ ಟ್ರಾಫಿಕ್. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವಷ್ಟು ಹೊತ್ತು ದಿನವೂ ಬಸ್ಸಿನಲ್ಲಿ ಕಳೆಯಬೇಕಾದೀತು. ಇನ್ನೊಂದು, ವಿಸಾ ದುಬೈಯದ್ದಾಗಿ ಮನೆ ಶಾರ್ಜಾದ್ದಾದರೆ ಹೆಂಡತಿಯ ವಿಸಾಕ್ಕೆ ಆ ಕರಾರು ನಡೆಯುತ್ತದೋ ಎಂದು ದುಬೈಯ ವಿಸಾ ಅರ್ಜಿ ತೆಗೆದುಕೊಳ್ಳುವ ಆಮೇರ್ ಸೆಂಟರಿನಲ್ಲಿ ಸಹಿಗೆ ಮೊದಲೇ ಕೇಳಿಕೊಳ್ಳಿ. ಒಂಟಿ ಗಂಡಸರಿಗೆ ಶಾರ್ಜಾದ ಫ್ಯಾಮಿಲಿ ಪ್ರದೇಶಗಳಲ್ಲಿ ಜಾಗವಿಲ್ಲ, ಪೊಲೀಸರೂ ಮುನಿಸಿಪಾಲಿಟಿಯವರೂ ಬಂದು ಎಬ್ಬಿಸಿದ್ದಿದೆ. ಅಲ್ಲಿನ ಭಾಷೆಯಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನಲ್ಲ. ಮುಳ್ಳೇರಿಯದಲ್ಲಿ ಹೆಂಡತಿ ಮತ್ತು ಮೂರು ಮಕ್ಕಳಿದ್ದರೂ, ಅಲ್ಲಿ ಒಬ್ಬನೇ ಇದ್ದರೆ ಅವನು ಬ್ಯಾಚುಲರ್.

ಹೆಂಡತಿಯ ವಿಸಾ: ಮದುವೆ ಯಾವ ರಾಜ್ಯದಲ್ಲಿ ಆಯಿತು?

ಹೆಂಡತಿ ಮಕ್ಕಳನ್ನು ಕರೆಸಲು ಸಂಬಳ ಕನಿಷ್ಠ 4,000 ದಿರ್ಹಂ, ಅಥವಾ 3,000 ಮತ್ತು ಕಂಪನಿಯ ವಸತಿ. ಜೊತೆಗೆ ದಾಖಲಾದ ಬಾಡಿಗೆ ಕರಾರು ಮತ್ತು ದೃಢೀಕರಿಸಿದ ಮದುವೆ ಪ್ರಮಾಣಪತ್ರ. ಗಡಿಯ ನಮಗೆ ವಿಶೇಷ ತೊಂದರೆ ಈ ಕೊನೆಯದರಲ್ಲಿ. ಮನೆ ಬದಿಯಡ್ಕದಲ್ಲಿ, ಮದುವೆ ಪುತ್ತೂರಿನ ಹಾಲ್‌ನಲ್ಲಿ. ಮದುವೆಯ ನೋಂದಣಿ ಆಗುವುದು ಮದುವೆ ನಡೆದ ಕಡೆ. ಪುತ್ತೂರಿನಲ್ಲಾದರೆ ಪ್ರಮಾಣಪತ್ರ ಕರ್ನಾಟಕದ್ದು. ಪ್ರಮಾಣಪತ್ರ ಯಾವ ರಾಜ್ಯದ್ದೋ ಮೊದಲ ದೃಢೀಕರಣವೂ ಅದೇ ರಾಜ್ಯದ್ದು ಆಗಬೇಕು. ಮಧೂರಿನಲ್ಲಿ ಮದುವೆಯಾದವನ ಪಂಚಾಯತ್ ಪ್ರಮಾಣಪತ್ರಕ್ಕೆ ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾದ ದಾರಿ, ಪುತ್ತೂರಿನವನಿಗೆ ಬೆಂಗಳೂರಿನ ದಾರಿ. ಕೇರಳದ ನಿಯಮದಲ್ಲಿ ಮದುವೆಯಾದ 45 ದಿನದೊಳಗೆ ನೋಂದಣಿಗೆ ಕೊಡಬೇಕು. ತಡವಾದರೂ ಆಗುತ್ತದೆ, ಓಡಾಟ ಹೆಚ್ಚು.

ಆಮೇಲಿನ ಸರದಿ ಎರಡೂ ಕಡೆಯವರಿಗೆ ಒಂದೇ: ಭಾರತದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಅಲ್ಲಿ ಹೋದ ಮೇಲೆ ಯುಎಇಯ ವಿದೇಶಾಂಗ ಇಲಾಖೆ, ಅರಬಿ ಅನುವಾದ. ಒಮಾನ್, ಬಹರೈನ್, ಸೌದಿಗೆ ನಡೆಯುವ ಅಪೊಸ್ಟೈಲ್ ಮುದ್ರೆ, ಅಂದರೆ ರಾಯಭಾರ ಕಚೇರಿಗೆ ಹೋಗದೆ ಒಂದೇ ಮುದ್ರೆಯಲ್ಲಿ ಮುಗಿಯುವ ದೃಢೀಕರಣ, ಯುಎಇಗೆ ಸಾಲದು, ಏಜೆಂಟ್ ತಪ್ಪಿ ಅದನ್ನು ಮಾಡಿಸಿಕೊಟ್ಟರೆ ಹಣ ದಂಡ. ಹೆಸರಿನ ಅಕ್ಷರವನ್ನೂ ನೋಡಿ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದು, ಮದುವೆ ಪತ್ರದಲ್ಲಿ ಇನಿಶಿಯಲ್ ಮಾತ್ರ ಇದ್ದರೆ, ಅಥವಾ ಕನ್ನಡದ ಉಚ್ಚಾರ ಒಂದರಲ್ಲಿ, ಮಲಯಾಳದ್ದು ಇನ್ನೊಂದರಲ್ಲಿ ಇದ್ದರೆ, ತಿದ್ದಿಸಬೇಕಾದ್ದು ಊರಿನಲ್ಲೇ. ಈ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಮನೆ ಹಿಡಿಯುವ ಮೊದಲೇ ಇದನ್ನು ಮುಗಿಸಿ, ಇಲ್ಲದಿದ್ದರೆ ದೊಡ್ಡ ಮನೆಗೆ ಬಾಡಿಗೆ ಕೊಟ್ಟುಕೊಂಡು ಒಬ್ಬನೇ ಮಲಗಬೇಕು.

ಅಮ್ಮ ಬಾಣಂತನಕ್ಕೆ ಬರುವುದಾದರೆ

ಮಗಳ ಹೆರಿಗೆ ಅಲ್ಲೇ ಎಂದಾದರೆ 60 ದಿನದ ವಿಸಾವನ್ನು ಹಿಂದಿನಿಂದ ಎಣಿಸಿ. ಹೆರಿಗೆಯ ತಾರೀಕಿಗೆ ಹತ್ತು ದಿನ ಮೊದಲು ಇಳಿದರೆ, ಆಮೇಲೆ ನಲವತ್ತು ದಿನದ ಬಾಣಂತನ ಮುಗಿಸಿ ಇನ್ನೂ ಹತ್ತು ದಿನ ಕೈಯಲ್ಲಿ ಉಳಿಯುತ್ತದೆ. ಮೊದಲೇ ಇರಲಿ ಎಂದು ತಿಂಗಳು ಮುಂಚೆ ಕರೆಸಿದರೆ, ಮಗುವಿಗೆ ತಿಂಗಳು ತುಂಬುವಾಗ ಅಮ್ಮನ ದಿನ ಮುಗಿದಿರುತ್ತದೆ. ಆಗ 30 ದಿನದ ವಿಸ್ತರಣೆಯ ಖರ್ಚು. ವರ್ಷದಲ್ಲಿ ಎರಡು ಮೂರು ಸಲ ಬರುವವರಿಗೆ ಐದು ವರ್ಷದ ಮಲ್ಟಿಪಲ್ ಎಂಟ್ರಿ ವಿಸಾ ಉಂಟು: ಒಂದು ಸಲಕ್ಕೆ 90 ದಿನ, ವಿಸ್ತರಿಸಿದರೂ ವರ್ಷಕ್ಕೆ 180 ದಿನ ಮೀರಬಾರದು. ಅದಕ್ಕೆ ಹಿಂದಿನ ಆರು ತಿಂಗಳ ಬ್ಯಾಂಕ್ ಲೆಕ್ಕದಲ್ಲಿ 4,000 ಡಾಲರಿನಷ್ಟು ಹಣ ತೋರಿಸಬೇಕು. ಹುಟ್ಟಿದ ಮಗುವಿಗೂ 120 ದಿನದೊಳಗೆ ವಿಸಾ ಆಗಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ.

ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿ. ನಮ್ಮ ಕಡೆಯ ಹಿರಿಯ ಹೆಂಗಸರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ "ಲಕ್ಷ್ಮಿ" ಎಂದಷ್ಟೇ ಇರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಒಂದೇ ಹೆಸರಿನವರಿಗೆ ಯುಎಇ ವಿಸಿಟ್ ವಿಸಾದಲ್ಲಿ ಪ್ರವೇಶ ಕೊಡುವುದಿಲ್ಲ. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತಾರೆ. ತಿದ್ದಿಸಬೇಕಾದರೆ ಕಾಸರಗೋಡಿನವರು ಕೋಯಿಕ್ಕೋಡ್ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ, ಆದರೆ 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯಲ್ಲೂ ಅರ್ಜಿ ಹಾಕಬಹುದು, ಮಂಗಳೂರು ಹತ್ತಿರವಾದರೆ ಅಲ್ಲೂ ಆಗುತ್ತದೆ. ವಿಸಾ ಅರ್ಜಿಗೂ ಪ್ರಯಾಣಕ್ಕೂ ಮಗಳ ಅಥವಾ ಅಳಿಯನ ಇಜಾರಿ, ಎಮಿರೇಟ್ಸ್ ಐಡಿ, ವಿಸಾದ ಪ್ರತಿ, ವಾಪಸು ಟಿಕೆಟ್ ಬೇಕು. ಖರ್ಚಿನ ಹಣವನ್ನೂ ಕೇಳುತ್ತಾರೆ, ಅದಕ್ಕೆ ಲೆಕ್ಕ ತೋರಿಸಲು ಸಿದ್ಧವಿರಿ. ಅಳಿಯ ಬೆಡ್ ಸ್ಪೇಸಿನಲ್ಲಿದ್ದರೆ ಈ ಕಾಗದ ಎಲ್ಲಿಂದ ಬರಬೇಕು? ಆಗ ಎರಡು ತಿಂಗಳ ಮಟ್ಟಿಗೆ ತಿಂಗಳ ಮನೆ ಹಿಡಿದು ಅದರ ಬುಕಿಂಗ್ ಪತ್ರ ಕೊಡುವುದೇ ನೇರ ದಾರಿ. ವರ್ಷದ ಮನೆಯಾದರೆ ಜೊತೆಗೆ ವಾಸಿಸುವವರ ಹೆಸರನ್ನು ದುಬೈ ರೆಸ್ಟ್ ಆ್ಯಪ್‌ನಲ್ಲಿ ಸೇರಿಸಲು ಮರೆಯಬೇಡಿ.

ಬಾಣಂತಿ ಮದ್ದಿನ ಗಂಟು ಕಟ್ಟುವಾಗ ಗಸಗಸೆ ಹಾಕಬೇಡಿ. ಪಾಯಸದ ಗಸಗಸೆ ಅಲ್ಲಿ ಮಾದಕ ವಸ್ತು. ಒಂದು ಹಿಡಿ ಇದ್ದರೂ ಕೇಸು. ವೀಳ್ಯದೆಲೆಯೂ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ, ತೋಟದ ಅಡಿಕೆಯನ್ನೂ ಎಲೆಯನ್ನೂ ಮನೆಯಲ್ಲೇ ಬಿಟ್ಟು ಹೋಗಲಿ. ನೋವಿನ, ನಿದ್ದೆಯ ಮಾತ್ರೆ ಇದ್ದರೆ ವೈದ್ಯರ ಚೀಟಿ ಮಾತ್ರ ಸಾಲದು, ಯುಎಇ ಆರೋಗ್ಯ ಇಲಾಖೆಯ ಆನ್‌ಲೈನ್ ಅನುಮತಿ ಬೇಕಾಗುವ ಔಷಧಿಗಳಿವೆ.

ಬಿಡುವಾಗ

ಕೆಲಸ ಹೋದರೆ ವಿಸಾ ರದ್ದಾದ ದಿನದಿಂದ ಉಳಿಯಲು ಇಷ್ಟು ದಿನ ಎಂದು ಕೊಡುತ್ತಾರೆ. ಅದು ವಿಸಾದ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ. ಗೆಳೆಯನಿಗೆ ಸಿಕ್ಕಿದ್ದು ನಿಮಗೂ ಸಿಗುತ್ತದೆ ಎಂದಿಲ್ಲ. ರದ್ದತಿ ಪತ್ರದಲ್ಲಿ ಬರೆದ ತಾರೀಕೇ ಸತ್ಯ. ಹೆಂಡತಿ ಮಕ್ಕಳ ವಿಸಾ ನಿಮ್ಮದಕ್ಕೆ ಕಟ್ಟಿದ್ದರಿಂದ ಅವರದನ್ನು ಮೊದಲು ರದ್ದು ಮಾಡಬೇಕು ಅಥವಾ ತಡೆದಿಡಿಸಬೇಕು.

ಮನೆಯನ್ನು ವಿಸಾ ರದ್ದಾಗುವ ಮೊದಲೇ ಬಿಡಿಸಿಕೊಳ್ಳಿ, ಏಕೆಂದರೆ ಬ್ಯಾಂಕ್ ಖಾತೆ ಮುಚ್ಚಿದ ಮೇಲೆ ಮುಂಗಡ ಬಂದು ಬೀಳಲು ಜಾಗವಿರುವುದಿಲ್ಲ. ಮಾಲಕನಿಗೆ ಇಮೇಲಿನಲ್ಲಿ ನೋಟಿಸು, ಗೋಡೆ, ಬಾತ್‌ರೂಮು, ಎಸಿಯ ಫೋಟೋ, ಮುಂದಿನ ತಾರೀಕಿನ ಚೆಕ್ಕುಗಳನ್ನು ಕೈಗೆ ವಾಪಸು. ಹರಿದುಹಾಕಿದ್ದೇವೆ ಎಂಬ ಮಾತು ನಂಬಬೇಡಿ, ಹಾಳೆಯೇ ಬೇಕು. ದೇವಾಕ್ಕೆ ಕೊನೆಯ ಬಿಲ್ಲು ಕಟ್ಟಿ, ಮುಂಗಡ ಖಾತೆಗೆ ಬಂದ ಮೇಲೆ ಖಾತೆ ಮುಚ್ಚಿ. ಕೊನೆಗೆ ಇಜಾರಿ ರದ್ದು ಮಾಡಿಸಿ ಅದರ ಪ್ರತಿ ಇಟ್ಟುಕೊಳ್ಳಿ; ಅದು ನಿಮ್ಮ ಹೆಸರಿನಲ್ಲೇ ಉಳಿದರೆ ಮುಂದಿನ ಬಾಡಿಗೆದಾರನಿಗೆ ಇಜಾರಿ ಆಗುವುದಿಲ್ಲ, ನೀವು ಊರು ಸೇರಿದ ಮೇಲೆ ಫೋನು ಬರುವುದು ಆಗ.